ಏಡಿಯಮ್ಮನ ಕೆಮ್ಮು

ಅಂದು ಬೆಳಗ್ಗೆ ಹೊಳೆಯ ಮೇಲಿನ ಮಂಜು ಮಾರುಕಟ್ಟೆಯ ಬಾಗಿಲವರೆಗೂ ಹರಿದು ಬಂದಿತ್ತು. ಯಾರ ಮುಖವೂ ಕಾಣುತ್ತಿರಲಿಲ್ಲ, ಏಡಿಯಮ್ಮನ ಕೆಮ್ಮು ಮಾತ್ರ ಎಲ್ಲರಿಗೂ ಕೇಳುತ್ತಿತ್ತು. ಅವಳು ಬಟ್ಟೆಯಲ್ಲಿ ಬಾಯೊರೆಸಿಕೊಂಡು, ನೋಡದೆಯೇ ಮಡಚಿಟ್ಟಳು. ನೋಡಿದರೂ ಅದೇ ತುಕ್ಕಿನ ಬಣ್ಣದ ಕಫ. ದೇವರು ಹೊಸದಾಗಿ ಕೊಟ್ಟ ಬೆಳಗನ್ನು ಅದರಿಂದ ಶುರುಮಾಡುವುದು ಅವಳಿಗೆ ಬೇಡವಾಗಿತ್ತು.

ತೊರೆಯ ಏಡಿ ಮಾರುವುದು ಅವಳಿಗೆ ಅತ್ತೆಯಿಂದ ಬಂದ ಕಸುಬು. ಬುಟ್ಟಿ ಇಳಿಸಿದ ಕೂಡಲೇ ಒಂದು ಏಡಿಯ ಸಣ್ಣ ಕಾಲು ಮುರಿದು, ಮುಂದಿನ ಹಲ್ಲಿನಲ್ಲಿ ಕಚ್ಚಿ, ಚೀಪಿ ಉಗಿಯುವಳು. ಸಿಹಿ ಹತ್ತಿದರೆ ಮಾಂಸ ತುಂಬಿದೆ, ಸಪ್ಪೆ ನೀರು ಬಂದರೆ ಬಡಕಲು. ಕೈಗೆ ಸುಳ್ಳು ಹೇಳಬಹುದು, ನಾಲಿಗೆಗೆ ಆಗದು ಎಂದು ಅತ್ತೆ ಕಲಿಸಿದ್ದಳು. ಏಡಿಯಮ್ಮ ಕಚ್ಚಿ ನೋಡದ ಬುಟ್ಟಿಯನ್ನು ಗಿರಾಕಿಗಳು ಮೂಸಿಯೂ ನೋಡುತ್ತಿರಲಿಲ್ಲ.

ಕೆಲವು ತಿಂಗಳ ಹಿಂದೆ ಎಕ್ಸ್-ರೇಯಲ್ಲಿ ಎದೆಯೊಳಗೆ ನೆರಳು ಕಂಡಾಗ, ಆಸ್ಪತ್ರೆಯಲ್ಲಿ ಟಿ.ಬಿ. ಇರಬಹುದೆಂದು ಮಾತ್ರೆ ಕೊಟ್ಟಿದ್ದರು. ಅಂದೇ ಅವಳು ತನ್ನ ಹಾಸಿಗೆಯನ್ನು ಹಿಂದಿನ ಕೋಣೆಗೆ ಸಾಗಿಸಿದಳು. ಮೊಮ್ಮಗಳು ಆಗಿನ್ನೂ ಮಗುಚಿಕೊಳ್ಳಲು ಕಲಿಯುತ್ತಿದ್ದ ಕೂಸು, ಅಜ್ಜಿಯ ಎದೆಯ ಮೇಲಲ್ಲದೆ ನಿದ್ದೆ ಮಾಡುತ್ತಿರಲಿಲ್ಲ. ಅದನ್ನು ಸೊಸೆಯ ಕೈಗಿತ್ತು, "ನಾನೇ ಕೇಳಿದ್ರೂ ಕೊಡ್ಬೇಡ ತಾಯಿ" ಎಂದಿದ್ದಳು. ಸೊಸೆ ಬಟ್ಟೆ ಹೊಲಿಯುವವಳು. ಮಾತು ಕಡಿಮೆ, ಅಳತೆ ಕಟ್ಟುನಿಟ್ಟು. ಕೊಡಲಿಲ್ಲ.

ಮಾತ್ರೆ ಮುಗಿಯುತ್ತ ಬಂತು, ಕೆಮ್ಮು ಜಪ್ಪಯ್ಯ ಎನ್ನಲಿಲ್ಲ. ಕೂಸು ಗೋಡೆ ಹಿಡಿದು ನಿಲ್ಲತೊಡಗಿತು. ಅಜ್ಜಿ ಬಾಗಿಲಲ್ಲಿ ಕಂಡರೆ ಯಾರೋ ಹೊರಗಿನವರು ಬಂದಂತೆ ಅಮ್ಮನ ಮಡಿಲಲ್ಲಿ ಮುಖ ಹುದುಗಿಸುತ್ತಿತ್ತು. ಉಸಿರು ಬೇಕಿದ್ದರೆ ತೆಗೆದುಕೊಳ್ಳಪ್ಪಾ, ಆ ಕೂಸಿಗೆ ನನ್ನ ಗುರುತು ಮಾತ್ರ ಉಳಿಸು ಎಂದು ಏಡಿಯಮ್ಮ ದೇವರಲ್ಲಿ ಬೇಡಿಕೊಳ್ಳುತ್ತಿದ್ದಳು.

ಅಂದು ಮಂಜು ಕರಗುವ ಹೊತ್ತಿಗೆ, ನಿಲ್ಲದ ಕೆಮ್ಮನ್ನು ತೋರಿಸಲು ಅತ್ತೆ ಸೊಸೆ ಆಸ್ಪತ್ರೆಗೆ ಬಂದಿದ್ದರು. ಕೂಸು ಸೊಸೆಯ ಹೆಗಲ ಮೇಲಿತ್ತು. ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಎಕ್ಸ್-ರೇಯನ್ನೂ ಏಡಿಯಮ್ಮನನ್ನೂ ಮತ್ತೆ ಮತ್ತೆ ನೋಡಿದರು. ಟಿ.ಬಿ. ಇದ್ದವರು ಸಾಮಾನ್ಯವಾಗಿ ಸೊರಗುತ್ತಾರೆ, ನೀವು ನೋಡಿದರೆ... ಎಂದು ಮಾತು ತಡೆದರು.

"ದಪ್ಪ ಅಂತ ಹೇಳಿ ಡಾಕ್ಟ್ರೇ, ಬೇಜಾರಿಲ್ಲ" ಎಂದಳು ಏಡಿಯಮ್ಮ.

ಡಾಕ್ಟರಮ್ಮ ನಕ್ಕರು. ಏನು ಕೆಲಸ ಎಂದು ಕೇಳಿ ತಿಳಿದುಕೊಂಡ ಮೇಲೆ, ಏಡಿಯನ್ನು ಹಸಿಯಾಗಿ ತಿನ್ನುವುದುಂಟೇ ಎಂದರು. ಎಲ್ಲಾದರೂ ಉಂಟೇ, ನಮ್ಮ ಮನೆಯಲ್ಲಿ ಏಡಿ ಬೇಯುವಷ್ಟರಲ್ಲಿ ಒಲೆಗೇ ಸುಸ್ತಾಗುತ್ತದೆ ಎಂದಳು ಏಡಿಯಮ್ಮ. ಅವಳು ಸುಳ್ಳು ಹೇಳಿರಲಿಲ್ಲ. ಕಚ್ಚಿ ಉಗಿಯುವುದು ಅವಳ ಪಾಲಿಗೆ ತಿನ್ನುವುದಲ್ಲ, ಅದು ಕೆಲಸ.

ಬಾಗಿಲ ಬಳಿ ನಿಂತಿದ್ದ ಸೊಸೆ ಮೆಲ್ಲಗೆ ಬಾಯಿ ತೆರೆದಳು. "ತಿನ್ನಲ್ಲ ಡಾಕ್ಟ್ರೇ. ಆದ್ರೆ ದಿನಾ ಹಸಿ ಕಾಲು ಕಚ್ಚಿ ಚೀಪಿ ನೋಡ್ತಾರೆ. ಉಗಿದ್ರೂ ರಸ ಒಂಚೂರು ಗಂಟಲಿಗೆ ಇಳಿಯಲ್ವಾ?"

ಡಾಕ್ಟರಮ್ಮ ಕಫವನ್ನು ಇನ್ನೊಮ್ಮೆ ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಟಿ.ಬಿ.ಯ ರೋಗಾಣು ಇರಲಿಲ್ಲ, ಹುಳುವಿನ ಮೊಟ್ಟೆಗಳಿದ್ದವು. ತೊರೆಯ ಏಡಿಯ ಮೈಯಲ್ಲಿ ಕಣ್ಣಿಗೆ ಕಾಣದಂತೆ ಅಡಗಿರುವ ಮರಿಹುಳು ಹಸಿ ರಸದೊಂದಿಗೆ ಹೊಟ್ಟೆಗಿಳಿದು, ಕರುಳನ್ನು ತೂರಿ, ಶ್ವಾಸಕೋಶದಲ್ಲಿ ಬಿಡಾರ ಹೂಡುತ್ತದಂತೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಇದಕ್ಕೆ ಬೇರೆಯೇ ಮಾತ್ರೆ, ಕೆಲವೇ ದಿನ ನುಂಗಿದರೆ ಸಾಕು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ" ಎಂದು ಏಡಿಯಮ್ಮ ನಕ್ಕಳು. ನಗು ಕೆಮ್ಮಾಯಿತು.

"ಇದು ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ ಅಮ್ಮಾ. ಮಗೂನ ಈಗ್ಲೇ ಎತ್ಕೊಳ್ಳಿ" ಎಂದರು ಡಾಕ್ಟರಮ್ಮ.

ಸೊಸೆ ಒಂದು ಹೆಜ್ಜೆ ಮುಂದಿಟ್ಟಳು. ಏಡಿಯಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಈ ಕೆಮ್ಮು ನಿಲ್ಲಲಿ. ಇಷ್ಟು ದಿನ ಕಾದಾಯ್ತು, ಇನ್ನಷ್ಟು ಕಾಯ್ತೀನಿ."

ಹೊಸ ಮಾತ್ರೆ ಮುಗಿಯಿತು. ಕೆಮ್ಮು ದಿನದಿನಕ್ಕೆ ಇಳಿದು, ಬಟ್ಟೆಯ ತುಕ್ಕು ಹೋಯಿತು. ಅಂಗಡಿಯಲ್ಲಿ ಈಗ ಅವಳು ಏಡಿಯ ಹೊಟ್ಟೆಯ ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಹಲ್ಲೇನಾದರೂ ಬಿದ್ದುಹೋಯಿತೇ ಎಂದು ಹಳೆಯ ಗಿರಾಕಿಯೊಬ್ಬ ಕೆಣಕಿದ. ಹಲ್ಲು ಇದ್ದಲ್ಲೇ ಇದೆ, ಬುದ್ಧಿ ಮಾತ್ರ ತಡವಾಗಿ ಬಂತು ಎಂದಳು.

ಆದರೂ ಕೂಸನ್ನು ಕೊಡು ಎಂದು ಕೇಳಲು ಬಾಯಿ ಬರಲಿಲ್ಲ. ಅದು ಈಗಲೂ ಅವಳನ್ನು ಕಂಡರೆ ಮುಖ ತಿರುಗಿಸುತ್ತಿತ್ತು. ಪ್ರೀತಿಯನ್ನು ಕಿತ್ತುಕೊಂಡು ತರುವುದಕ್ಕೆ ಅದೇನು ತೋಟದ ಸೊಪ್ಪೇ?

ಒಂದು ಮಧ್ಯಾಹ್ನ ಮಾರುಕಟ್ಟೆಯಿಂದ ಬಂದು, ಸೋಪು ಹಾಕಿ ಕೈ ತಿಕ್ಕಿ ತೊಳೆದು, ಬಾಗಿಲ ಬಿಸಿಲಿನಲ್ಲಿ ಗೋಡೆಗೊರಗಿ ಕೂತಳು. ಒಳಗೆ ಹೊಲಿಗೆ ಯಂತ್ರ ನಿಂತಿತು. ಸೊಸೆ ನಿದ್ದೆಗೆಂದು ರಚ್ಚೆ ಹಿಡಿದಿದ್ದ ಕೂಸನ್ನು ಎತ್ತಿ ತಂದು, ಬಾಗಿ, ಅತ್ತೆಯ ಎದೆಯ ಮೇಲೆ ಮಲಗಿಸಿದಳು. ಕೂಸಿನ ತಲೆಯನ್ನು ಎಡಕ್ಕೆ ತಿರುಗಿಸಿ, ಅತ್ತೆಯ ಕೈಯನ್ನು ತೆಗೆದು ಅದರ ಬೆನ್ನ ಮೇಲಿಟ್ಟಳು. ಒಳಗೆ ಹೋಗಿ ಮತ್ತೆ ಹೊಲಿಯಲು ಕೂತಳು.