ಉಪ್ಪು ನೋಡದ ಹಸಿರು ಮಜ್ಜಿಗೆ

ದೇವರು ಹಸಿರನ್ನು ಇಷ್ಟೊಂದು ಬಗೆಯಲ್ಲಿ ಯಾಕೆ ಮಾಡಿದನೋ, ಕೇಳಿ ಬಂದವರಿಲ್ಲ. ಬೇವಿನ ಹಸಿರಿಗೆ ಕಹಿ, ಪುಂಡಿಪಲ್ಲೆಯ ಹಸಿರಿಗೆ ಹುಳಿ, ಮೆಹಂದಿಯ ಹಸಿರಿನೊಳಗೆ ಯಾರಿಗೂ ಕಾಣದ ಕೆಂಪು. ಮಾನ್ವಿಯ ಜಹೀರುದ್ದೀನ್ ಈ ಕೊನೆಯ ಹಸಿರನ್ನು ನಂಬಿ ಮೂವತ್ತು ವರ್ಷ ಬದುಕಿದವರು. ಮಾನ್ವಿ, ಮಲ್ಲಟ, ದೇವದುರ್ಗ ಎಂದು ಸಂತೆಯಿಂದ ಸಂತೆಗೆ ಹೋಗಿ, ಚಾಪೆ ಹಾಸಿ, ಮೆಹಂದಿ ಪುಡಿ, ಸುರ್ಮಾ, ಅತ್ತರು ಮಾರುತ್ತಿದ್ದರು. ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿದರೆ ಸಾಕು, ಎಲೆ ನೆರಳಲ್ಲಿ ಒಣಗಿದ್ದೋ ಬಿಸಿಲಲ್ಲಿ ಒಣಗಿದ್ದೋ ಹೇಳಿಬಿಡುತ್ತಿದ್ದರು.

ಈ ಸಲ ಚಳಿ ಬೀಳುವ ಹೊತ್ತಿಗೆ ಅವರ ಹೆಂಡತಿ ಮುನ್ನೀ ಬೀ ಜ್ವರದಲ್ಲಿ ಇಪ್ಪತ್ತು ದಿನ ಮಲಗಿದರು. ಎದ್ದಾಗ ಗೋಡೆ ಹಿಡಿದು ನಡೆಯುವಂತಾಗಿತ್ತು.

"ರಕ್ತ ಎಂಟಕ್ಕ ಇಳಿದದ," ಎಂದರು ಡಾಕ್ಟರು. "ಗುಳಿಗಿ ಬಿಡಬ್ಯಾಡ್ರಿ. ತಪ್ಪಲಪಲ್ಲೆ ತಿನ್ರಿ."

ಮುನ್ನೀ ಬೀ ಕೇಳಿದ್ದು ಒಂದೇ ಮಾತು. "ಡಾಕ್ಟ್ರ, ರಂಜಾನಿಗೆ ರೋಜಾ ಹಿಡೀಬಹುದಿಲ್ಲ?"

"ಹತ್ತು ದಾಟಿತಂದ್ರ ಹಿಡೀರಿ. ಇಲ್ಲಂದ್ರ ಇಲ್ಲ. ರಂಜಾನ್ ಹತ್ರ ಬಂದಾಗ ಬರ್ರಿ, ನೋಡೋಣು."

ಒಂಬತ್ತನೆಯ ವಯಸ್ಸಿನಿಂದ ಆಕೆ ರೋಜಾ, ಅಂದರೆ ರಂಜಾನಿನ ಉಪವಾಸ, ಹಿಡಿದವರು. ಹೆಣ್ಣಿಗೆ ಧರ್ಮವೇ ಬಿಡು ಎಂದ ದಿನಗಳನ್ನು ಮಾತ್ರ ಬಿಟ್ಟು, ಬಿಟ್ಟದ್ದನ್ನೂ ವರ್ಷದೊಳಗೆ ತೀರಿಸಿದವರು. ರಂಜಾನಿಗೆ ಇನ್ನು ಎರಡು ತಿಂಗಳಿತ್ತು. ಆದರೆ ಜ್ವರ ಹೋಗುವಾಗ ಬಾಯಿರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು. ಸೊಪ್ಪಿನ ಪಲ್ಲೆಯ ವಾಸನೆ ಬಂದರೆ ತಟ್ಟೆ ದೂರ ಸರಿಸುತ್ತಿದ್ದರು.

ಮಗಳು ಆತಿಯಾ ರಾಯಚೂರಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಭಾನುವಾರ ಬಸ್ಸಿಳಿದು ಬಂದವಳು ಬ್ಯಾಗಿನಿಂದ ಒಂದು ಡಬ್ಬಿ ತೆಗೆದಳು. ಅದರ ಮೇಲೆ ಚಿನ್ನದ ಬಣ್ಣದ ಎಲೆಗಳು.

"ಮೂವತ್ತು ಥರದ ಸೊಪ್ಪಿನ ಪುಡಿ ಅಮ್ಮೀ. ದಿನಾ ಒಂದು ಚಮಚ ನೀರಾಗ ಕಲಸು, ಕುಡಿ, ಮುಗೀತು."

"ಎಷ್ಟು ಕೊಟ್ಟಿ?"

"ಅದನ್ನ ಕೇಳಬ್ಯಾಡ."

ಮುನ್ನೀ ಬೀಗೆ ಡಬ್ಬಿಯ ಮೇಲಿನ ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. "ಸಾವಿರದ ನಾಕ್ನೂರು! ಒಂದು ತಿಂಗಳಿಗೆ! ಇಷ್ಟು ರೊಕ್ಕಕ್ಕ ಹಿತ್ತಲ ತುಂಬ ತ್ವಾಟ ಹಚ್ಚಬಹುದಿತ್ತಲ್ಲ."

ಆದರೂ ಮಗಳ ಮುಖ ನೋಡಿ ಕುಡಿದರು. ಮೊದಲು ಅನಾನಸಿನ ಸಿಹಿ ಬಂತು, ಹಿಂದೆಯೇ ಇನ್ನೇನೋ ಬಂತು.

"ಹ್ಯಾಂಗದ?" ಎಂದರು ಜಹೀರುದ್ದೀನ್.

"ಮದುವಿ ಮನಿ ಶರಬತ್ತಿನಾಗ ಯಾರೋ ಹುಲ್ಲು ತೊಳದಂಗ ಅದ."

ಚಂದದ ಡಬ್ಬಿಯಲ್ಲಿ ಪುಡಿ ಇಟ್ಟು ಹಾಳು ಮಾಡುವ ಜೀವವಲ್ಲ ಮುನ್ನೀ ಬೀ. ಆತಿಯಾ ಅತ್ತ ಹೋದದ್ದೇ ತಡ, ಪುಡಿಯನ್ನು ಒಂದು ಸ್ಟೀಲ್ ಡಬ್ಬಿಗೆ ಸುರಿದು, ಚಿನ್ನದೆಲೆಯ ಡಬ್ಬಿಗೆ ಏಲಕ್ಕಿ ಲವಂಗ ತುಂಬಿಟ್ಟರು. ಸ್ಟೀಲ್ ಡಬ್ಬಿ ಇಟ್ಟ ಗೋಡೆಯ ಮಾಡದಲ್ಲೇ, ಅದೇ ಅಳತೆಯ ಇನ್ನೊಂದು ಸ್ಟೀಲ್ ಡಬ್ಬಿಯಲ್ಲಿ, ಮನೆ ಬಳಕೆಯ ಮೆಹಂದಿ ಇತ್ತು.

ಹದಿನೈದು ದಿನಕ್ಕೊಮ್ಮೆ ಗುರುವಾರ ಸಂಜೆ, ಮರುದಿನದ ಜುಮ್ಮಾ ನಮಾಜಿಗೆಂದು, ಚಹಾದ ಡಿಕಾಕ್ಷನ್ನಿನಲ್ಲಿ ಮೆಹಂದಿ ಕಲಸಿ ಗಂಡನ ಗಡ್ಡಕ್ಕೆ ಹಚ್ಚುವುದು ಆ ಮನೆಯ ರೂಢಿ. ಹಚ್ಚುವ ಕೈ ಯಾವಾಗಲೂ ಮುನ್ನೀ ಬೀಯದೇ. ಆ ಗುರುವಾರ ಆಕೆಗೆ ನೆಗಡಿ. ಜಹೀರುದ್ದೀನರ ಮೂಗಿಗೋ, ದಿನವೆಲ್ಲ ಅತ್ತರು ಮುಟ್ಟಿ, ಸಣ್ಣ ವಾಸನೆಗಳು ತಾಗುತ್ತಿರಲಿಲ್ಲ. ಗಡ್ಡಕ್ಕೆ ದಪ್ಪಗೆ ಮೆತ್ತಿಸಿಕೊಂಡು ಅಂಗಳದ ಕಟ್ಟೆಗೆ ಒರಗಿ ತಸ್ಬೀಹಿನ ಮಣಿ ತಿರುಗಿಸುತ್ತ ಕುಳಿತರು.

ಪಕ್ಕದ ಮನೆಯ ವೆಂಕಮ್ಮ ಗೋಡೆಯ ಮೇಲಿಂದ ಇಣುಕಿದಳು. "ಜಹೀರಣ್ಣ, ನಿಮ್ಮ ಗಡ್ಡಕ್ಕ ಇರಿವಿ ಹತ್ತಾಕತ್ತಾವಲ್ರೀ!"

ತೊಳೆದು ನೋಡಿದರೆ ಗಡ್ಡದ ಬಿಳಿ ಬುಡಕ್ಕೆ ಕೆಂಪು ಹತ್ತಿರಲೇ ಇಲ್ಲ. ಅಲ್ಲಿ ಮಳೆ ಕಂಡ ಹೊಲದ ಬದುವಿನಂತೆ ತೆಳು ಹಸಿರು.

"ಯವ್ವಾ, ನನ್ನ ಮಗಳು ತಂದ ಪುಡಿ! ಆರು ದಿನದ್ದು ಗಡ್ಡಕ್ಕ ಹೋತು!" ಎಂದು ಮುನ್ನೀ ಬೀ ನಕ್ಕರು. ಜ್ವರ ಬಿಟ್ಟ ಮೇಲೆ ಅದೇ ಮೊದಲ ನಗೆ. ಗೋಡೆ ಹಿಡಿದುಕೊಂಡೇ ನಕ್ಕರು.

ವೆಂಕಮ್ಮ ಬಿಡಲಿಲ್ಲ. "ನಾಳೆ ಮಸೀದಿಗಿ ಹಿಂಗ ಹೋಗ್ರಿ ಅಣ್ಣ. ಆಡು ಬೆನ್ನು ಹತ್ತಿದ್ರ ನನ್ನ ಕರೀರಿ."

ಜಹೀರುದ್ದೀನ್ ಕೂಡ ನಕ್ಕರು. ನಗುತ್ತಿದ್ದಂತೆಯೇ ಅವರಿಗೊಂದು ಯೋಚನೆ ಹೊಳೆಯಿತು. ಗಡ್ಡಕ್ಕೆ ಬರಬೇಕಾದದ್ದು ಲೋಟಕ್ಕೆ ಹೋಗಿದ್ದರೆ? ಎದ್ದು ಒಳಗೆ ಹೋಗಿ, ಮೆಹಂದಿಯ ಡಬ್ಬಿಯನ್ನು ಮಾಡದಿಂದ ತೆಗೆದು, ಸಂತೆಯ ಗಂಟಿನಲ್ಲಿ ಕಟ್ಟಿ, ಹೊರಗಿನ ಕೋಣೆಗೆ ಹಾಕಿ ಬಂದರು.

"ಇನ್ನ ಮ್ಯಾಲ ನಾ ಕುಡದು ನೋಡಿದ ಮ್ಯಾಲ ನೀ ಕುಡೀಬೇಕು," ಎಂದರು. ಆ ದನಿಯಲ್ಲಿ ಅವರು ಮಾತಾಡಿದ್ದು ಅಪರೂಪ.

ಉಳಿದ ಪುಡಿ ಮೂರು ವಾರದೊಳಗೆ ಮುಗಿಯಿತು. ಇನ್ನೊಂದು ಡಬ್ಬಿ ತರುತ್ತೇನೆಂದು ಆತಿಯಾ ಫೋನಿನಲ್ಲಿ ಹೇಳಿದರೆ, "ಬ್ಯಾಡ. ನಿನ್ನ ಪಗಾರ ಕುಡದಂಗಾಗ್ತದ, ಗಂಟಲಾಗ ಇಳಿಯಂಗಿಲ್ಲ," ಎಂದುಬಿಟ್ಟರು ಮುನ್ನೀ ಬೀ.

ದೇವದುರ್ಗದ ಸಂತೆಯಲ್ಲಿ ಜಹೀರುದ್ದೀನರ ಚಾಪೆಯ ಪಕ್ಕದಲ್ಲೇ ಬಂಡೆಮ್ಮನ ಗೋಣಿತಟ್ಟು. ಅಜ್ಜಿ ಮಾರುವುದು ಶುಂಠಿ, ಅಜವಾನ, ಕಾಗದದ ಪೊಟ್ಟಣದಲ್ಲಿ ನುಗ್ಗೆಸೊಪ್ಪಿನ ಪುಡಿ. ಹನ್ನೆರಡು ವರ್ಷದಿಂದ ಪಕ್ಕದಲ್ಲಿ ಕೂತಿದ್ದರೂ ಆ ಪೊಟ್ಟಣವನ್ನು ಅವರು ಬಿಚ್ಚಿ ನೋಡಿದವರಲ್ಲ. ಆ ದಿನ ಹೆಂಡತಿಗೆ ಆದೀತೆಂದು ಬಿಚ್ಚಿ, ಚಿಟಿಕೆ ತೆಗೆದು, ಉಜ್ಜಿದರು.

"ಯವ್ವಾ, ಇದು ಬಿಸಿಲಿಗಿ ಒಣಗಿಸಿದ್ದು. ಕಂದು ತಿರುಗ್ಯದ. ಕಡ್ಡಿ ಬ್ಯಾರೆ. ಇದನ್ನ ಕುಡದ್ರ ಗಂಟಲು ಗೀರ್ತದ."

"ಹನ್ನೆರಡು ವರ್ಷಕ್ಕ ಇವತ್ತು ಗಿರಾಕಿ ಆಗಿ ಬಂದಿ, ಬಂದಕೂಡ್ಲೆ ಬೈತಿಯಲ್ಲೋ ಯಪ್ಪಾ!" ಬಂಡೆಮ್ಮ ಸೆರಗಿನಿಂದ ನಗು ಒರೆಸಿಕೊಂಡಳು. "ನನ್ನ ಕಣ್ಣಿಗಿ ಕಡ್ಡಿನೂ ಅಷ್ಟ, ಎಲಿನೂ ಅಷ್ಟ. ನೀನ ಹೇಳು, ಹ್ಯಾಂಗ ಮಾಡ್ಲಿ?"

ಜಹೀರುದ್ದೀನ್ ಮೆಹಂದಿಯ ಪಾಠವನ್ನೇ ಹೇಳಿದರು. ಬೆಳಗಿನ ಎಲೆ ಕೊಯ್ಯಬೇಕು, ತೊಟ್ಟು ಬಿಡಿಸಬೇಕು, ಮನೆಯೊಳಗೆ ಬಟ್ಟೆಯ ಮೇಲೆ ಹರವಬೇಕು, ಸೂರ್ಯನಿಗೆ ತೋರಿಸಬಾರದು. ಕುಟ್ಟುವುದು ನಿನ್ನದು, ಸೋಸುವುದು ನನ್ನದು ಎಂದರು. ಬೆಲೆ ಕೇಳಿದಾಗ ಅಜ್ಜಿ ತನ್ನ ಬಿಳಿ ತುರುಬು ತೋರಿಸಿದಳು. "ಇದನ್ನೊಂದು ಕೆಂಪು ಮಾಡು ಸಾಕು. ಮೊಮ್ಮಗಳ ಮದುವಿ ಅದ." ಹಾಗೆ ಒಂದು ಹಸಿರಿಗೆ ಇನ್ನೊಂದು ಹಸಿರು ಬದಲಾಯಿತು.

ಮುಂದಿನ ಸಂತೆಗೆ ಬಂದ ಪುಡಿ ಗಿಳಿಯ ರೆಕ್ಕೆಯಂತಿತ್ತು. ಜಹೀರುದ್ದೀನ್ ಹೊಸ ಮಲ್ಮಲ್ ಬಟ್ಟೆ ಕೊಂಡು, ಬಿಸ್ಮಿಲ್ಲಾ ಎಂದು ಮೂರು ಸಲ ಸೋಸಿದರು. ನೀರಿಗೆ ಹಾಕಿದರೆ ಗಂಟುಗಟ್ಟಿತು, ಹಾಲಿಗೆ ಹಾಕಿದರೆ ಹಸಿವಾಸನೆ ಬಂತು. ಕಡೆಗೆ ಕಡೆದ ಮಜ್ಜಿಗೆಗೆ ಒಂದು ಚಮಚ ಪುಡಿ, ಹುರಿದ ಜೀರಿಗೆ, ಒಂದಿಷ್ಟು ಶುಂಠಿ ರಸ, ಉಪ್ಪು. ತಾವು ಒಂದು ಗುಟುಕು ಕುಡಿದು ಲೋಟ ಮುಂದೆ ಹಿಡಿದರು.

ಮುನ್ನೀ ಬೀ ಕಣ್ಣು ಮುಚ್ಚಿ ಕುಡಿದರು. "ಉಪ್ಪು ಕಮ್ಮಿ ಆತು," ಎಂದರು. ಮತ್ತೆ ಲೋಟ ಚಾಚಿದರು.

ಅಲ್ಲಿಂದ ದಿನವೂ ಒಂದು ತಕರಾರು. ಇವತ್ತು ಜೀರಿಗೆ ಸೀದದ, ಇವತ್ತು ಮಜ್ಜಿಗಿ ಹುಳಿ, ನಿಮ್ಮ ಮೀಸಿಗಿ ಹಸಿರು ಹತ್ತ್ಯದ ಒರಸ್ಕೋರಿ. ಒಂದು ದಿನವೂ ಲೋಟ ಉಳಿಯಲಿಲ್ಲ, ಗುಳಿಗೆಯೂ ತಪ್ಪಲಿಲ್ಲ.

ರಂಜಾನಿಗೆ ಎರಡು ದಿನವಿರುವಾಗ ರಕ್ತ ನೋಡಿಸಿದರು. ಒಂಬತ್ತೂವರೆ.

"ಛಲೋ ಏರ್ಯದ," ಎಂದರು ಡಾಕ್ಟರು. "ಆದ್ರ ಈಗ ರೋಜಾ ಬ್ಯಾಡ. ಹದಿನೈದು ದಿನ ಬಿಟ್ಟು ಬರ್ರಿ."

ಮುನ್ನೀ ಬೀ ಬುರ್ಖಾದ ಅಂಚು ಸರಿ ಮಾಡಿಕೊಂಡು ಎದ್ದರು. ರೋಜಾ ಇಟ್ಟವನೇ ಅಲ್ಲಾ, ರೋಗಿಗೆ ವಿನಾಯಿತಿ ಕೊಟ್ಟವನೂ ಅವನೇ ಎಂದು ಆಟೋದಲ್ಲಿ ಗಂಡ ಹೇಳಿದರೆ, ಗೊತ್ತು ಎಂಬಂತೆ ತಲೆ ಆಡಿಸಿದರು. ಗೊತ್ತಿರುವುದು ಬೇರೆ, ಮನಸ್ಸಿಗೆ ಒಪ್ಪಿಸುವುದು ಬೇರೆ.

ರಂಜಾನಿನ ಚಂದ್ರ ಕಂಡ. ಮರುದಿನ ಮಧ್ಯಾಹ್ನ ಆಕೆ ಮಜ್ಜಿಗೆ ಕುಡಿಯಲು ಏಳಲೇ ಇಲ್ಲ. ಉಪವಾಸದ ಮನೆಯಲ್ಲಿ ತಾನೊಬ್ಬಳೇ ಲೋಟ ಎತ್ತಲು ನಾಚಿಕೆ. ಜಹೀರುದ್ದೀನ್ ಮಧ್ಯಾಹ್ನದ ಜುಹರ್ ನಮಾಜು ಮುಗಿಸಿ ಬಂದು, ಎಂದಿನಂತೆ ಕಡೆದು, ಕಲಸಿ ತಂದರು. ಆದರೆ ಮೊದಲ ಗುಟುಕು ಕುಡಿಯುವ ಹಾಗಿಲ್ಲ. ನಾಲಿಗೆಯ ತುದಿಗೆ ಮುಟ್ಟಿಸುವುದೂ ಅವರಿಗೆ ಸರಿ ಕಾಣಲಿಲ್ಲ. ಉಪ್ಪನ್ನು ಕಣ್ಣಳತೆಯಲ್ಲಿ ಹಾಕಿದರು.

"ಹ್ಯಾಂಗದ?"

"ಛಲೋ ಅದ."

ಮರುದಿನವೂ ಛಲೋ, ಅದರ ಮರುದಿನವೂ ಛಲೋ. ಒಂದೇ ಒಂದು ತಕರಾರಿಲ್ಲ. ಜಹೀರುದ್ದೀನರಿಗೆ ಭಯ ಹತ್ತಿತು. ರುಚಿ ಮತ್ತೆ ಸತ್ತಿತೇ? ಇಲ್ಲ, ಬದುಕಿನ ಮೇಲಿನ ಆಸೆಯೇ ಇಳಿಯಿತೇ? ರಾತ್ರಿಯ ತರಾವೀಹ್ ನಮಾಜಿನಲ್ಲಿ ನಿಂತಾಗಲೂ ಆ ಛಲೋ ಎಂಬ ಮಾತೇ ಕಿವಿಯಲ್ಲಿ.

ಹತ್ತನೆಯ ದಿನ ಕರಿಬೇವು ಕೇಳಲು ಬಂದ ವೆಂಕಮ್ಮ, "ನನಗೂ ಒಂದೀಟು ಹಾಕ್ರಿ, ನೋಡೋಣು," ಎಂದು ಪಾತ್ರೆಯಿಂದ ಬಗ್ಗಿಸಿಕೊಂಡಳು. ಬಾಯಿಗೆ ಹಾಕಿದ್ದೇ ಅಂಗಳಕ್ಕೆ ಓಡಿ ಉಗುಳಿದಳು.

"ಯವ್ವಾ! ಇದೇನು ಮಜ್ಜಿಗ್ಯೋ ಉಪ್ಪಿನಕಾಯಿ ನೀರೋ! ಮುನ್ನೀ, ದಿನಾ ಇದನ್ನ ಕುಡ್ಯಾಕತ್ತೀಯೇನ?"

ಮುನ್ನೀ ಬೀ ನೆಲ ನೋಡಿದರು. "ಒಂದೊಂದು ದಿನ ಉಪ್ಪ ಇರಂಗಿಲ್ಲಕ್ಕ."

"ಮತ್ತ ಹೇಳಬಾರದೇನ?" ಎಂದರು ಜಹೀರುದ್ದೀನ್.

"ನೀವು ಒಂದು ಹನಿ ನೀರು ಮುಟ್ಟದ, ಒಣ ಬಾಯಿಲೆ ನನಗ ಕಲಸಿ ತರ್ತೀರಿ. ಅದಕ್ಕೂ ಹೆಸರಿಡಾಕ ನನಗ್ಯಾವ ಬಾಯಿ ಅದ? ನಿಮ್ಮ ರೋಜಾ ನಿಮಗ. ಇದು ನನ್ನ ರೋಜಾ ಅಂತ ಕುಡದೆ."

ವೆಂಕಮ್ಮ ಕೇಳಲು ಬಂದ ಕರಿಬೇವನ್ನೇ ಮರೆತಳು. ಸೆರಗು ಸಿಕ್ಕಿಸಿಕೊಂಡು, "ಸರೀರಿ ಅಣ್ಣ. ನಾಳಿಂದ ಉಪ್ಪು ನೋಡಾಕ ನಾ ಬರ್ತೀನಿ. ನಂದೇನು ಉಪವಾಸ ಇಲ್ಲ," ಎಂದಳು. ನೋಡುವ ನೆಪದಲ್ಲಿ ಆಕೆ ದಿನಾ ಅರ್ಧ ಲೋಟ ಇಳಿಸಿದ್ದು ಬೇರೆ ಮಾತು.

ಹದಿನೈದನೆಯ ದಿನ ಡಾಕ್ಟರು ಚೀಟಿ ನೋಡಿ, ಕನ್ನಡಕ ಮೇಲೇರಿಸಿದರು. "ಹತ್ತು ದಾಟ್ಯದ. ಹಿಡೀರಿ. ತಲಿ ತಿರುಗಿದ್ರ ಮಾತ್ರ ಆ ಕ್ಷಣಕ್ಕ ಬಿಡಬೇಕು, ಹಟ ಮಾಡಬಾರದು."

ಮರುದಿನ ಮುನ್ನೀ ಬೀಯ ಈ ವರ್ಷದ ಮೊದಲ ರೋಜಾ. ಸಂಜೆ ಆತಿಯಾ ರಾಯಚೂರಿನಿಂದ ಬಂದಿದ್ದಳು. ಜಹೀರುದ್ದೀನ್ ಎರಡು ಲೋಟ ಹಸಿರು ಮಜ್ಜಿಗೆ ಮಾಡಿಟ್ಟಿದ್ದರು. ಉಪ್ಪು ನೋಡಲು ವೆಂಕಮ್ಮನನ್ನು ಮಾತ್ರ ಕರೆದಿರಲಿಲ್ಲ.

ರೋಜಾ ಬಿಡುವ ಅಜಾನ್ ಕೇಳಿತು. ಮುನ್ನೀ ಬೀ ಖರ್ಜೂರ ಬಾಯಿಗಿಟ್ಟು, ತುಟಿಯಲ್ಲೇ ದುವಾ ಮುಗಿಸಿ, ಲೋಟ ಎತ್ತಿದರು. ಒಂದು ಗುಟುಕು ಇಳಿಯಿತು. ಹುಬ್ಬು ಗಂಟಿಕ್ಕಿತು.

"ಏನ್ರೀ ಇದು, ಇಷ್ಟು ಉಪ್ಪು? ಮೂವತ್ತು ವರ್ಷ ಪುಡಿ ಮಾರೀರಿ, ಒಂದು ಚಿಟಿಕಿ ಅಳತಿ ಬರಂಗಿಲ್ಲೇನು ನಿಮಗ?"

ಜಹೀರುದ್ದೀನ್ ತಮ್ಮ ಲೋಟ ಕೆಳಗಿಟ್ಟು, ಎರಡೂ ಅಂಗೈ ಎತ್ತಿ ಮುಖಕ್ಕೆ ಸವರಿಕೊಂಡರು. "ಅಲ್‌ಹಮ್ದುಲಿಲ್ಲಾ," ಎಂದರು.

"ಅಬ್ಬಾ, ಅಮ್ಮೀ ಬೈದ್ರ ದೇವರಿಗೆ ಶುಕ್ರ್ ಹೇಳ್ತೀರಲ್ಲ!" ಎಂದು ಆತಿಯಾ ನಕ್ಕಳು.

ಜಹೀರುದ್ದೀನ್ ಎದ್ದು ಹೋಗಿ ಮಜ್ಜಿಗೆಯ ಗಡಿಗೆ ತಂದು, ಹೆಂಡತಿಯ ಲೋಟಕ್ಕೆ ಇನ್ನಷ್ಟು ಬಿಳಿ ಮಜ್ಜಿಗೆ ಸುರಿದು, ಈ ಸಲ ತಾವೇ ಮೊದಲು ಒಂದು ಗುಟುಕು ಕುಡಿದು ನೋಡಿದರು.