ಹನ್ನೊಂದು ಸೆಕೆಂಡಿನ ವಿಲನ್

ಭಾನುವಾರ ಬೆಳಿಗ್ಗೆ ಸಾಂಝಾ ಸೆಂಟರಿನ ಟಿವಿಯಲ್ಲಿ ಒಬ್ಬ ವಿಲನ್ ಸುಮ್ಮನೆ ಬಾಯಿ ಆಡಿಸುತ್ತಿದ್ದ. ಸೌಂಡ್ ಆಫ್. ಮಾತು ಕೊಡಬೇಕಾದವರು ಹುಡುಗರು. ಸೊಸೈಟಿಯವರು ಬರೆದ ಡೈಲಾಗನ್ನು ಬಸ್ತಿಯವರು ಹೇಳಬೇಕು, ಬಸ್ತಿಯವರು ಬರೆದದ್ದನ್ನು ಸೊಸೈಟಿಯವರು. ಅದು ಅಲ್ಲಿನ ನಿಯಮ.

ದೇಶದ ರಾಜಧಾನಿಯ ಮಯೂರ್ ವಿಹಾರಿನ ಆ ಫ್ಲಾಟುಗಳ ಸೊಸೈಟಿಗೂ ಈ ಬಡವರ ಬಸ್ತಿಗೂ ನಡುವೆ ಇರುವುದು ಒಂದು ಕೊಳಚೆ ನಾಲಾ, ಒಂದು ಸಣ್ಣ ಸೇತುವೆ. ನಾಲ್ಕು ವರ್ಷದ ಹಿಂದೆ ಅದರ ಮೇಲೆ ಕಲ್ಲುಗಳು ಹಾರಾಡಿದ್ದವು. ಆಮೇಲೆ ಎರಡೂ ಕಡೆಯ ಹಿರಿಯರು ಕೂತು ಮಾತಾಡಿ, ಮುಚ್ಚಿಹೋಗಿದ್ದ ರೇಷನ್ ಅಂಗಡಿಗೆ ಸುಣ್ಣ ಬಳಿಸಿ, ಕೇರಂ ಬೋರ್ಡು, ಟಿವಿ ಇಟ್ಟು ಹುಡುಗರಿಗೆ ಬಿಟ್ಟುಕೊಟ್ಟಿದ್ದರು. ಸಾಂಝಾ ಎಂದರೆ ಇಬ್ಬರದೂ.

ರಿತೇಶನಿಗೆ ಇಪ್ಪತ್ತು. ಅಪ್ಪ ಕರುಣಾಕರ ಶೆಟ್ಟರು ಕುಂದಾಪುರದಿಂದ ಬಂದು, ಸೊಸೈಟಿಯಲ್ಲೇ ಮನೆ ಮಾಡಿ, ಅದರ ಗೇಟಿನ ಎದುರು ಉಡುಪಿ ಹೋಟೆಲು ಇಟ್ಟವರು. ಮಗ ಅಲ್ಲಿ ದೋಸೆ ತಂದಿಟ್ಟರೂ ಡೈಲಾಗ್. "ಈ ದೋಸೆ ಅಡುಗೆಮನೆ ಬಿಟ್ಟು ಹೊರಟ್ರೆ, ಖಾಲಿ ತಟ್ಟೆ ನೋಡದೆ ಹಿಂದೆ ಹೋಗಲ್ಲ!" ಗಿರಾಕಿಗಳು ನಗುತ್ತಿದ್ದರು. ಸೆಂಟರಿನಲ್ಲಿ ಅವನಿಗೆ ಜೋಡಿ ಬಸ್ತಿಯ ಶಾದಾಬ್. ಸೊಸೈಟಿಯ ಅರ್ಧ ಫ್ಲಾಟುಗಳ ಏಸಿ ರಿಪೇರಿ ಮಾಡುತ್ತಿದ್ದವನು ಅವನೇ. ದೊಡ್ಡ ಏಸಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ.

ಆ ಭಾನುವಾರ ಶಾದಾಬ್ ಬರೆದದ್ದನ್ನು ರಿತೇಶ್ ಗುಡುಗಿದ: "ನಾಳೆ ಈ ಕಾಲೊನಿಯಲ್ಲಿ ಒಂದು ಗೋಡೆಯೂ ನಿಂತಿರಲ್ಲ! ಒಬ್ಬೊಬ್ಬರನ್ನೂ ಹುಡುಕಿ ಹೊಡೀತೀನಿ!"

ರಿತೇಶ್ ಬರೆದದ್ದನ್ನು ಶಾದಾಬ್ ಗುಡುಗಿದ: "ಗೇಟು ಹಾಕ್ಕೊಳ್ಳಿ, ಬೀಗ ಹಾಕ್ಕೊಳ್ಳಿ. ಬೆಂಕಿಗೆ ಬಾಗಿಲು ಬೇಕಾಗಿಲ್ಲ!"

"ಅಬೇ, ನನಗಿಂತ ಚೆನ್ನಾಗಿ ಹೇಳಿಬಿಟ್ಟೆಯಲ್ಲೋ!"

"ನೀನು ಬರೀ ದೋಸೆ ವಿಲನ್, ಯಾರ್. ಒರಿಜಿನಲ್ ನಾನು."

ರಿತೇಶನ ತಲೆಯಲ್ಲಿ ಒಂದು ಚೇಷ್ಟೆ ಹೊಳೆಯಿತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರಿಂದ ಇಬ್ಬರ ಧ್ವನಿಯನ್ನಷ್ಟೇ ಕತ್ತರಿಸಿ, 'ರಿತೇಶ್ ಭಾಯಿ ವಾರ್ನಿಂಗ್', 'ಶಾದಾಬ್ ಭಾಯಿ ವಾರ್ನಿಂಗ್' ಎಂದು ಹೆಸರಿಟ್ಟು ಸೆಂಟರ್ ಹುಡುಗರ ಗ್ರೂಪಿಗೆ ಹಾಕಿದ. ತಲಾ ಹನ್ನೊಂದು ಸೆಕೆಂಡು. ಅಲ್ಲಿಂದ ಯಾರೋ ಸೊಸೈಟಿಯ ಗ್ರೂಪಿಗೆ ಎರಡನ್ನೂ ಕಳಿಸಿದರು.

ರಿತೇಶನ ಕ್ಲಿಪ್ಪಿಗೆ ನಗುವ ಮುಖಗಳು ಬಂದವು. ಶಾದಾಬನ ಕ್ಲಿಪ್ಪಿಗೆ ಪೊಲೀಸರು ಬಂದರು.

ಸೋಮವಾರ ಮಧ್ಯಾಹ್ನ ಸಿ ಬ್ಲಾಕಿನ ಫ್ಲಾಟೊಂದರಲ್ಲಿ ಏಸಿ ಬಿಚ್ಚಿಕೊಂಡು ಕೂತಿದ್ದವನನ್ನು ಕರೆದೊಯ್ದರು. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು. ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ರಿತೇಶ್ ಜೀಪು ಹಾದುಹೋಗುವುದನ್ನು ನೋಡಿ ಎದ್ದುಬಿಟ್ಟ.

"ಎಲ್ಲಿಗೆ?" ಎಂದರು ಕರುಣಾಕರ.

"ಠಾಣೆಗೆ. ಅದು ಡಬ್ಬಿಂಗ್ ಅಪ್ಪಾ. ಡೈಲಾಗ್ ಬರೆದಿದ್ದು ನಾನು, ಕಳಿಸಿದ್ದೂ ನಾನು."

"ಕೂತ್ಕೋ. ನಮ್ಮ ಗಿರಾಕಿಗಳೆಲ್ಲ ಇದೇ ಸೊಸೈಟಿಯವರು. ನಾವು ಹೊರಗಿನಿಂದ ಬಂದವರು ಮಗಾ, ಇಪ್ಪತ್ತೆರಡು ವರ್ಷ ತಲೆ ತಗ್ಗಿಸಿ ದುಡಿದಿದ್ದೀನಿ. ನಿನ್ನನ್ನೂ ಒಳಗೆ ಹಾಕಿದ್ರೆ ನಿನ್ನ ಅಮ್ಮನಿಗೆ ಏನು ಹೇಳ್ಲಿ? ವಿಚಾರಿಸಿ ಬಿಟ್ಟುಬಿಡ್ತಾರೆ."

ರಿತೇಶ್ ಕೂತ. ಅಪ್ಪ ತಡೆದರು ಎಂಬುದು ನಿಜ. ತಡೆಯಲಿ ಎಂದು ಅವನೂ ಕಾಯುತ್ತಿದ್ದ ಎಂಬುದೂ ನಿಜ.

ಶಾದಾಬನನ್ನು ಬುಧವಾರ ಬಿಟ್ಟರು. ಶುಕ್ರವಾರ ಕಂಪನಿಯಿಂದ ಫೋನು ಬಂತು: ವೆರಿಫಿಕೇಶನ್ ಕ್ಲಿಯರ್ ಇಲ್ಲ, ಆ ಜಾಗಕ್ಕೆ ಬೇರೆಯವರನ್ನು ತಗೊಂಡಿದ್ದೇವೆ. ಸೆಂಟರಿಗೆ ಬೀಗ ಬಿತ್ತು. ಅದನ್ನು ಶಾಶ್ವತವಾಗಿ ಮುಚ್ಚಲು ಭಾನುವಾರ ಸೊಸೈಟಿಯ ಮೀಟಿಂಗ್ ಕರೆದರು.

ಸೆಕ್ರೆಟರಿ ಕೃಷ್ಣಮೂರ್ತಿ, ಸೆಂಟ್ರಲ್ ಗವರ್ನಮೆಂಟಿನಿಂದ ರಿಟೈರ್ ಆದ ಮೈಸೂರಿನವರು. ಪೊಲೀಸರಿಗೆ ಫೋನ್ ಮಾಡಿದವರೂ ಅವರೇ. ಅವರು ಠರಾವು ಓದಲು ಕನ್ನಡಕ ಏರಿಸುವಷ್ಟರಲ್ಲಿ ರಿತೇಶ್ ಎದ್ದು ನಿಂತ. ಹಿಂದಿನ ಸಾಲಿನಲ್ಲಿ ಕರುಣಾಕರ ಮಗನ ಶರ್ಟು ಹಿಡಿದರು. ಆಮೇಲೆ ಬಿಟ್ಟರು.

ರಿತೇಶ್ ಮೈಕಿಗೆ ಮೊಬೈಲ್ ಹಿಡಿದು ತನ್ನ ಕ್ಲಿಪ್ ಹಾಕಿದ. ಹೊಡೀತೀನಿ ಎಂಬಲ್ಲಿಗೆ ಹಾಲ್ ಪೂರ್ತಿ ನಕ್ಕಿತು. "ವಾಹ್, ನಮ್ಮ ದೋಸೆ ಹೀರೋ!" ಎಂದರು ಯಾರೋ.

ಆಮೇಲೆ ಶಾದಾಬನದು ಹಾಕಿದ. ಹಾಲ್ ತಣ್ಣಗಾಯಿತು.

"ಎರಡೂ ಒಂದೇ ಸೀನು. ಐದು ನಿಮಿಷದ ಅಂತರ," ಎಂದ ರಿತೇಶ್. ಅವನ ಗಂಟಲಲ್ಲಿ ಯಾವ ಹೀರೋನೂ ಇರಲಿಲ್ಲ. "ಬೆಂಕಿಯ ಡೈಲಾಗ್ ಬರೆದವನು ನಾನು. ಗ್ರೂಪಿಗೆ ಹಾಕಿದವನೂ ನಾನು. ಒಬ್ಬೊಬ್ಬರನ್ನೂ ಹೊಡೀತೀನಿ ಅಂದೆ, ನೀವು ಈಗಲೂ ನಕ್ಕಿರಿ. ಅವನ ಮಾತಿಗೆ ಯಾಕೆ ನಗಲಿಲ್ಲ?"

ಕೃಷ್ಣಮೂರ್ತಿಯವರ ಮುಖ ಕೆಂಪಾಯಿತು. "ಆವತ್ತು ಕಲ್ಲು ಬಿದ್ದಿದ್ದು ನನ್ನ ಹೆಂಡತಿ ತಲೆಗೆ ಕಣಯ್ಯ. ಇವತ್ತಿಗೂ ಅವಳು ಬಾಲ್ಕನಿಗೆ ಬರಲ್ಲ. ಹೆದರಿದ್ದು ನನ್ನ ತಪ್ಪಾ?"

"ಹೆದರಿದ್ದು ತಪ್ಪಲ್ಲ ಅಂಕಲ್. ಅವನು ನಿಮ್ಮ ಮನೆ ಏಸಿ ಆರು ಸಲ ರಿಪೇರಿ ಮಾಡಿದ್ದಾನೆ. ಒಂದು ಸಲ ಅವನನ್ನೇ ಕೇಳಬಹುದಿತ್ತು. ನಾನೂ ಒಂದು ಸಲ ಬಂದು ನಿಮಗೆ ಹೇಳಬಹುದಿತ್ತು. ಹೇಳಲಿಲ್ಲ."

ಕೃಷ್ಣಮೂರ್ತಿ ಕೈಯಲ್ಲಿದ್ದ ಕಾಗದವನ್ನು ಮಡಚಿದರು. ಮತ್ತೆ ಮಡಚಿದರು. "ಅವನ ಮನೆ ಎಲ್ಲಿ? ಕರ್ಕೊಂಡು ಹೋಗು," ಎಂದರು.

ನಾಲ್ಕು ವರ್ಷದಲ್ಲಿ ಅವರು ಆ ಸೇತುವೆ ದಾಟಿದ್ದು ಅದೇ ಮೊದಲು. ಓಣಿಯ ಕೊನೆಯ ಮನೆಯ ಬಾಗಿಲಲ್ಲಿ ಶಾದಾಬನ ತಾಯಿ ನಿಂತಿದ್ದರು. ಒಳಗೆ ಕರೆಯಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಕೃಷ್ಣಮೂರ್ತಿ ಕೈ ಮುಗಿದರು. "ಬೆಹೆನ್‌ಜಿ, ಕಂಪ್ಲೇಂಟು ಕೊಟ್ಟವನು ನಾನು. ತಪ್ಪಾಯಿತು. ಠಾಣೆಗೂ ಆ ಕಂಪನಿಗೂ ನಾನೇ ಬರೆದುಕೊಡ್ತೀನಿ."

"ಬರೆದುಕೊಡಿ ಭಾಯಿಸಾಬ್. ಅವನು ಇಲ್ಲಿಲ್ಲ. ನಿನ್ನೆ ಮೊರಾದಾಬಾದಿಗೆ, ಅವನ ಮಾಮೂ ಮನೆಗೆ ಕಳಿಸಿದೆ." ಆಕೆ ರಿತೇಶನ ಕಡೆ ತಿರುಗಿದರು. "ಎಲ್ಲ ನೀನು ಕಳಿಸಿದ್ದು ಅಂತ ಅವನಿಗೆ ಗೊತ್ತಿತ್ತು ಬೇಟಾ. ನಿನ್ನ ಹೆಸರು ಹೇಳಲಿಲ್ಲ. ಎರಡು ದಿನ ಠಾಣೆಯ ಬಾಗಿಲು ಸದ್ದಾದಾಗೆಲ್ಲ ನೀನೇ ಬಂದೆ ಅಂದ್ಕೊಂಡಿದ್ದನಂತೆ."

ರಿತೇಶನಿಗೆ ಆಕೆಯ ಮುಖ ನೋಡಲಾಗಲಿಲ್ಲ.

"ಚಾಚೀ, ಒಂದು ಸಲ ಮಾತಾಡಿಸ್ತೀರಾ? ನನ್ನ ನಂಬರ್ ಎತ್ತುತ್ತಿಲ್ಲ."

ಆಕೆ ತಮ್ಮ ಫೋನಿನಿಂದ ನಂಬರ್ ಒತ್ತಿ ಅವನ ಕೈಗೆ ಕೊಟ್ಟರು.

"ಹಾಂ, ಅಮ್ಮೀ," ಎಂದಿತು ಆ ಕಡೆಯ ಧ್ವನಿ. ಇಡೀ ಸೆಂಟರನ್ನು ನಡುಗಿಸುತ್ತಿದ್ದ ಧ್ವನಿ ಅದು. ಈಗ ಕಿವಿಗೊಟ್ಟು ಕೇಳಬೇಕಾಗಿತ್ತು.

"ಶಾದಾಬ್, ನಾನು ರಿತೇಶ್." ಬಾಯಿಗೆ ಬಂದ ಡೈಲಾಗುಗಳೆಲ್ಲ ಸಿನಿಮಾಗಳಲ್ಲಿ ಯಾರೋ ಯಾರಿಗೋ ಹೇಳಿದವು. ಅವುಗಳನ್ನೆಲ್ಲ ನುಂಗಿದ. "ಹೆದರಿಕೊಂಡು ಸುಮ್ಮನಿದ್ದೆ. ಇವತ್ತು ಎಲ್ಲರ ಮುಂದೆ ಹೇಳಿದ್ದೀನಿ. ತಡವಾಯ್ತು. ತಪ್ಪು ನಂದು, ಯಾರ್. ಏನಾದ್ರೂ ಹೇಳು. ಬೈಯೋದಿದ್ರೆ ಬೈ."

ಆ ಕಡೆ ಕುಕ್ಕರ್ ಕೂಗಿತು. ಯಾವುದೋ ಮಗು ಅತ್ತು ಸುಮ್ಮನಾಯಿತು. ಫೋನು ಕಟ್ ಆಗಿರಲಿಲ್ಲ.

ಕೊನೆಗೆ ಶಾದಾಬ್, ಮೆಲ್ಲಗೆ, ಅಳೆದು ತೂಗಿ ಕೇಳಿದ:

"ರೆಕಾರ್ಡ್ ಮಾಡ್ತಿದ್ದೀಯಾ?"