ಗುಡ್ಡದ ಕೆರೆ ಹಸಿರಾದ ದಿನ

ಗುತ್ತಿಗಾರಿನ ಮೇಲಿನ ಗುಡ್ಡದ ಕೆರೆಯಿಂದ ಕೆಳಗಿನ ನಲವತ್ತು ಮನೆಗಳಿಗೆ ನೀರು ಬಿಡುವ ಕೆಲಸ ಕಮಲಾವತಿಯದು. ಆ ದಿನ ಬೆಳಿಗ್ಗೆ ವಾಲ್ವ್ ತಿರುಗಿಸಿ ಅರ್ಧ ಗಂಟೆಯಾಗಿತ್ತು. ನೀರಿನ ಓಟ ಕಡಿಮೆಯಾದಂತೆ ಕಂಡು, ಪೈಪಿನ ಬಾಯಿಗೆ ಕಸ ಸಿಕ್ಕಿತೋ ಎಂದು ಕೆರೆಯ ದಡ ಹತ್ತಿದಳು. ಬಣ್ಣ ಚೆಲ್ಲಿದ ಹಾಗೆ ನೀರ ಮೇಲೆಲ್ಲ ಹಸಿರು ಪಾಚಿ ಕೆನೆಗಟ್ಟಿತ್ತು. ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಓಡಿಬಂದು ವಾಲ್ವ್ ಮುಚ್ಚಿದಳು. ಹೋದ ನೀರು ಹೋಗಿಯಾಗಿತ್ತು. ಹತ್ತು ದಿನದಿಂದಲೂ ನೀರಿಗೆ ಹಸಿರು ಛಾಯೆ ಇತ್ತು. ಬೇಸಿಗೆಯಲ್ಲಿ ಇದ್ದದ್ದೇ ಎಂದು ಸುಮ್ಮನಿದ್ದವಳು ತಾನೇ. ನೀರು ಕುಡಿಯಬೇಡಿ ಎಂದು ಮನೆಮನೆಗೂ ಫೋನು ಮಾಡಿದಳು. ಬೀಫಾತುಮ್ಮನ ಮನೆಯಲ್ಲಿ ಮಾತ್ರ ಯಾರೂ ಎತ್ತಲಿಲ್ಲ. ಬಾಣಂತನಕ್ಕೆ ಬಂದ ಮಗಳು ಫೌಝಿಯಾ ಅಲ್ಲೇ ಇದ್ದಳು. ಅವಳ ಮಗುವಿಗೆ ಇದೇ ನೀರಿನಲ್ಲಿ ಹಾಲಿನ ಹುಡಿ ಕಲಸಿ ಕೊಡುತ್ತಿದ್ದರು.

ಕಮಲಾವತಿ ಗುಡ್ಡ ಇಳಿದು ಓಡಿದಳು. ಫೌಝಿಯಾಳ ಕೈಯಲ್ಲಿ ಬಾಟಲಿ ಅರ್ಧ ಖಾಲಿಯಾಗಿತ್ತು.

"ಈಗ ಬಂದ ನೀರಾ ಇದು?"

"ಹೌದಕ್ಕ, ಕುದಿಸಿ ಕೊಟ್ಟದ್ದು. ಎಂತ ಆಯ್ತು?"

"ಕೆರೆ ಕೆಟ್ಟಿದೆ ಮಾರಾಯ್ತಿ! ಕುದಿಸಿದ್ರೂ ಆ ಪಾಚಿಯ ವಿಷ ಹೋಗುದಿಲ್ಲ ಅಂತ ಪಂಚಾಯತಿನ ತರಬೇತಿಯಲ್ಲಿ ಹೇಳಿದ್ರು."

ನೆರೆಮನೆಯ ಶಫೀಕನ ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಮಗು ಎರಡು ಸಲ ವಾಂತಿ ಮಾಡಿತು. ಹಿಂದಿನ ಸೀಟಿನಿಂದ ಬೀಫಾತುಮ್ಮ, "ಉಸಿರು ಉಂಟಲ್ಲಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಕಮಲಾವತಿ ಆ ಪುಟ್ಟ ಹೊಟ್ಟೆ ಏರಿಳಿಯುವುದರಿಂದ ಕಣ್ಣು ಕೀಳಲಿಲ್ಲ.

ಸಂಜೆಯ ಹೊತ್ತಿಗೆ ಡಾಕ್ಟರು ಅಪಾಯವಿಲ್ಲ ಎಂದರು. ಫೌಝಿಯಾ ಕಣ್ಣೊರೆಸಿಕೊಂಡು ಕೇಳಿದಳು: "ಕೆರೆಗೆ ಎಂತ ಬಿದ್ದದ್ದಕ್ಕ?"

ಕೆರೆಯ ಮೇಲಿನ ಇಳಿಜಾರಿನಲ್ಲಿ ಕಮಲಾವತಿಯ ಗಂಡ ಬೋಜಪ್ಪನೇ ಶುಂಠಿ ಹಾಕಿದ್ದ. ಅಲ್ಲಿ ರಾಶಿ ಹಾಕಿದ್ದ ಕೋಳಿಗೊಬ್ಬರ ಎರಡು ವಾರದ ಹಿಂದಿನ ಅಕಾಲ ಮಳೆಗೆ ಕೊಚ್ಚಿಹೋದದ್ದನ್ನು ಅವಳೇ ಕಂಡಿದ್ದಳು.

"ನಮ್ಮದೇ ಗೊಬ್ಬರ ಫೌಝಿಯಾ. ಮಳೆಗೆ ಕೆರೆಗಿಳಿದದ್ದು. ಅದಕ್ಕೇ ಪಾಚಿ ಹಬ್ಬಿದ್ದು."

ಫೌಝಿಯಾ ಮಗುವನ್ನು ಎದೆಗೊತ್ತಿಕೊಂಡಳು.

ಮರುದಿನ ಪಂಚಾಯತಿನಲ್ಲೂ ಕಮಲಾವತಿ ಅದನ್ನೇ ಹೇಳಿದಳು. ಮನೆಯಲ್ಲಿ ಬೋಜಪ್ಪ ಕೆರಳಿದ. "ಗಂಡನ ಹೆಸರೇ ಹೇಳ್ಬೇಕಿತ್ತಾ ನಿನಗೆ?"

"ನಲ್ವತ್ತು ಮನೆಯವರು ಕುಡಿಯುವ ನೀರು. ಮತ್ತೆಂತ ಹೇಳುದು?"

ಮೂರನೆಯ ದಿನ ಅವನು ಉಳಿದ ಗೊಬ್ಬರವನ್ನು ಪಿಕಪ್ಪಿಗೆ ತುಂಬಿಸಿ ಗುಡ್ಡದ ಆಚೆ ಮಗ್ಗುಲಿಗೆ ಸಾಗಿಸಿದ. ಆಮೇಲೆ ತಾನೇ ಗುದ್ದಲಿ ಹಿಡಿದು, ಶುಂಠಿಗದ್ದೆಯ ನೀರು ಕೆರೆಗಿಳಿಯದಂತೆ ಚರಂಡಿ ಕಡಿದ.

ಎರಡು ತಿಂಗಳು ಊರಿಗೆ ಟ್ಯಾಂಕರಿನ ನೀರೇ ಗತಿಯಾಯಿತು. ಪರೀಕ್ಷೆಯಲ್ಲಿ ನೀರು ಸರಿಯಿದೆ ಎಂದು ಬಂದ ಮೇಲೆ ಕಮಲಾವತಿ ಮತ್ತೆ ವಾಲ್ವ್ ತೆರೆದಳು. ಐದೇ ನಿಮಿಷದಲ್ಲಿ ಫೌಝಿಯಾಳ ಫೋನು.

"ಅಕ್ಕ, ಮಗುವಿಗೆ ಕೊಡಬಹುದಲ್ಲಾ?"

"ಕೊಡಬಹುದು," ಎಂದಳು. ಫೋನಿಟ್ಟವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆಳಿಗ್ಗೆ ಎರಡು ಸಲ ನೋಡಿ ಬಂದಿದ್ದರೂ ಮತ್ತೆ ಕೆರೆಯತ್ತ ನಡೆದಳು.